ಬರ್ತೀನಿ ಅಂದವರ ನೆರಳು

ನಮ್ಮೂರಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ಪೇಷಂಟುಗಳು ಕೂರುವ ಬೆಂಚಿನ ಪಕ್ಕ ಒಂದು ಮಾವಿನ ಮರ ನಿಂತಿದೆ. ಹೆಂಚು ಸರಿಸಿ ಅದರ ತಲೆಗೆ ದಾರಿ ಮಾಡಿಕೊಟ್ಟಿದ್ದಾರೆ. ಡಾಕ್ಟರು ಹಿಂದೊಮ್ಮೆ ಹೊಟ್ಟೆ ಕರಗಿಸಲು ಕೆರೆ ಏರಿಯ ಮೇಲೆ ವಾಕಿಂಗ್ ಶುರು ಮಾಡಿದ್ದರು. ಮೊದಲ ದಿನವೇ ಸುಸ್ತಾಗಿ, ಆಗ ಅಲ್ಲೇ ಇದ್ದ ಈ ಮರದ ಕೆಳಗೆ ಕೂತು, ಏಳುವಾಗ ಬಾಯಿ ತಪ್ಪಿ "ಬರ್ತೀನಿ" ಅಂದುಬಿಟ್ಟರು. ಮಾರನೆಯ ದಿನ ಕಾಲು ನೋವು, ಅದರ ಮಾರನೆಯ ದಿನ ಯಾರದೋ ಮದುವೆ ಊಟ, ಆಮೇಲೆ ವಾಕಿಂಗೇ ಮರೆತುಹೋಯಿತು. ಮರ ಮರೆಯಲಿಲ್ಲ. ಸ್ವಲ್ಪ ದಿನ ಕಾಯಿತು, ಬೇರು ಕಿತ್ತುಕೊಂಡಿತು, ಒಂದು ಮಧ್ಯಾಹ್ನ ಟೋಕನ್ ಕೂಡ ತಗೊಳ್ಳದೆ ಕ್ಲಿನಿಕ್ಕಿಗೆ ನುಗ್ಗಿತು. ಈಗ ಬೇಸಿಗೆಯಲ್ಲಿ ಡಾಕ್ಟರು ಮಾತ್ರೆಯ ಜೊತೆ ಮಾವಿನಕಾಯಿಯನ್ನೂ ಕೊಟ್ಟು ಕಳಿಸುತ್ತಾರೆ.

ನಮ್ಮೂರಿನ ಮರಗಳೇ ಹಾಗೆ. ಬರ್ತೀನಿ ಅಂದವರು ಬರಬೇಕು. ಬರದಿದ್ದರೆ ಅವೇ ಬರುತ್ತವೆ. ಕಷ್ಟ ಏನೆಂದರೆ, ಎಲ್ಲಿಂದ ಎದ್ದರೂ "ಹೋಗ್ತೀನಿ" ಅನ್ನಬಾರದು, "ಬರ್ತೀನಿ" ಅನ್ನಬೇಕು ಅಂತ ಮನೆಯಲ್ಲಿ ಹೇಳಿ ಹೇಳಿ ಬೆಳೆಸಿರುತ್ತಾರೆ. ನಾಲಿಗೆ ಅದಕ್ಕೇ ಪಳಗಿರುತ್ತದೆ. ಅದಕ್ಕೆ ನಮ್ಮೂರ ಮಕ್ಕಳು ಅಆಇಈಗೂ ಮೊದಲು ಇನ್ನೊಂದು ಪಾಠ ಕಲಿಯುತ್ತಾರೆ: ಮರದ ಬುಡದಿಂದ ಏಳುವಾಗ ಬಾಯಿಗೆ ಕೈ ಅಡ್ಡ.

ಈ ಪಾಠ ಕಲಿಯದೇ ಹೋದವರು ನಗರಸಭೆಯ ಅಧ್ಯಕ್ಷ ಸೋಮಲಿಂಗಪ್ಪನವರು ಒಬ್ಬರೇ. ಅವರ ಭಾಷಣದ ಕೊನೆಯ ಸಾಲು ಯಾವಾಗಲೂ ಒಂದೇ: "ಬಂಧುಗಳೇ, ನಾನು ಮತ್ತೆ ಬರ್ತೀನಿ!" ಶಾಲೆ ಅಂಗಳ, ಬಸ್ ಸ್ಟ್ಯಾಂಡು, ಪಾರ್ಕು, ಕೆರೆ ಏರಿ, ಎಲ್ಲೆಲ್ಲಿ ಭಾಷಣ ಮಾಡಿದರೋ ಅಲ್ಲಿನ ಮರಗಳೆಲ್ಲ ಕಾದೂ ಕಾದೂ ಎದ್ದು ಅವರ ಮನೆಗೆ ಹೋಗಿ ನಿಂತವು. ಊರಿನ ಬೀದಿಗಳು ಬೋಳಾದವು. ಅಧ್ಯಕ್ಷರ ಮನೆ ಕಾಡಾಯಿತು. ಅವರ ಮನೆಯಲ್ಲಿ ನಡುಮಧ್ಯಾಹ್ನವೂ ಲೈಟ್ ಹಾಕಿಕೊಂಡೇ ಊಟ ಮಾಡುತ್ತಿದ್ದರು, ಕೊರಿಯರ್ ಹುಡುಗ ದಾರಿ ತಪ್ಪಿ ಹಿತ್ತಲಿಂದ ಹೊರಗೆ ಬರುತ್ತಿದ್ದ.

ನಮ್ಮಮ್ಮ ಸಂತೆ ಬೀದಿಯಲ್ಲಿ ತಳ್ಳುಗಾಡಿ ಇಟ್ಟುಕೊಂಡು ಸೌತೆಕಾಯಿ, ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ಮಾರುತ್ತಾಳೆ. ಆ ಬೀದಿಯಲ್ಲಿ ಆಗ ಇದ್ದ ನೆರಳು ಒಂದೇ ಒಂದು: ಟಾಕೀಸಿನ ಮುಂದೆ ನಿಲ್ಲಿಸಿದ್ದ ಹೀರೋನ ಕಟೌಟಿನ ನೆರಳು. ಬೆಳಿಗ್ಗೆ ಎಲ್ಲರೂ ಹೀರೋನ ಎದೆಯ ನೆರಳಿನಲ್ಲಿ ಕೂರುತ್ತಿದ್ದರು, ಹೊತ್ತು ಏರಿದಂತೆ ಗಾಡಿ, ಬುಟ್ಟಿ, ಗೋಣಿಚೀಲ ಎಲ್ಲ ಎಳೆದುಕೊಂಡು ಅವನ ಸೊಂಟಕ್ಕೆ, ಮಂಡಿಗೆ, ಕೊನೆಗೆ ಬೂಟಿಗೆ ಸರಿಯುತ್ತಿದ್ದರು. ಹೊಸ ಪಿಕ್ಚರ್ ಬಂದರೆ ಕಥೆ ಏನು, ಹಾಡು ಹೇಗಿದೆ ಅಂತ ಯಾರೂ ಕೇಳುತ್ತಿರಲಿಲ್ಲ. ಬಳೆ ಮಾರುವ ಖತೀಜಕ್ಕ ಕಟೌಟನ್ನು ಮೇಲಿಂದ ಕೆಳಗೆ ನೋಡಿ ತೀರ್ಪು ಕೊಡುತ್ತಿದ್ದಳು: "ಇವ್ನು ತೀರಾ ಸಣ್ಣ ಕಣೇ. ಜಿಮ್ಮಿಗೆ ಹೋಗಿ ಹಾಳಾಗವ್ನೆ. ಹಳೇ ಹೀರೋ ಎಷ್ಟ್ ದಪ್ಪ ಇದ್ದ, ಇಡೀ ಸಾಲಿಗೆ ಆಗ್ತಿತ್ತು."

ನಾನು ಬೆಳೆದದ್ದು ಆ ಟಾಕೀಸಿನ ಗೇಟಿನಲ್ಲೇ. ಹೆಸರು ಚಿತ್ರಲೇಖ, ಕರೆಯುವುದು ಚಿತ್ರಿ. ಅಮ್ಮ ಹೊರಗೆ ಖಾರ ಹಚ್ಚುತ್ತಿದ್ದರೆ ನಾನು ಒಳಗೆ ಬೆಂಚಿನ ಕೆಳಗೆ ಕೂತು ಡೈಲಾಗ್ ನುಂಗುತ್ತಿದ್ದೆ. ಹೀರೋ, ವಿಲನ್ನು, ಕೆಮ್ಮುವ ತಾಯಿ, ಕೋರ್ಟಿನ ಜಡ್ಜು, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗೆ ಇದ್ದಾರೆ. ಊರಿನವರೂ ಇದ್ದಾರೆ. ಒಂದು ದಿನ ಬಸ್ ಸ್ಟ್ಯಾಂಡಿನ ಕಂಟ್ರೋಲರು ಟೀಗೆ ಹೋದಾಗ ಮೈಕಿನ ಮುಂದೆ ಕೂತು, ಅಧ್ಯಕ್ಷರ ಧ್ವನಿಯಲ್ಲಿ ಒಂದು ಪ್ರಕಟಣೆ ಕೊಟ್ಟೆ: "ಬಂಧುಗಳೇ, ಇಂದಿನಿಂದ ಬಸ್ಸುಗಳು ನಿಮ್ಮ ಮನೆ ಬಾಗಿಲಿಗೇ ಬರುತ್ತವೆ. ದಯವಿಟ್ಟು ಎಲ್ಲರೂ ಮನೆಗೆ ಹೋಗಿ ಕಾಯಿರಿ." ಬಸ್ ಸ್ಟ್ಯಾಂಡ್ ಖಾಲಿ. ಡ್ರೈವರುಗಳು ಬಸ್ಸಿನ ಮೇಲೆ ಹತ್ತಿ ಜನ ಎಲ್ಲಿ ಹೋದರು ಅಂತ ನೋಡುತ್ತಿದ್ದರು.

ನನ್ನನ್ನು ಹಿಡಿದು ನಗರಸಭೆಗೆ ಕರೆದುಕೊಂಡು ಹೋದರು. ಅಲ್ಲಿ ಚಂಪಕಾ ಮೇಡಂ ಅಂತ ಹೊಸದಾಗಿ ವರ್ಗವಾಗಿ ಬಂದಿದ್ದರು, ಮರ ವಿಭಾಗದ ಅಧಿಕಾರಿ. ಮರ ವಿಭಾಗ ಅಂದರೆ ಒಂದು ಕೋಣೆ, ಒಂದು ಹಾರೆ, ಒಂದು ನೀರು ಹಾಕುವ ಕ್ಯಾನು, ಮೇಡಂ. ಅವರ ಊರಿನಲ್ಲಿ ಮರಗಳು ಹೇಳಿದ್ದನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲವಂತೆ.

"ನೀನೇನಾ ಬಸ್ ಸ್ಟ್ಯಾಂಡ್ ಖಾಲಿ ಮಾಡಿಸಿದ್ದು?" ಅಂದರು ಮೇಡಂ.

ನಾನು ಕಾಲರ್ ಇಲ್ಲದ ಚೂಡಿದಾರದ ಕಾಲರ್ ಎತ್ತಿದೆ. "ಮಾತಾಡೋರು ಸಾವ್ರ ಜನ ಇರ್ತಾರೆ ಮೇಡಂ. ಕೇಳೋ ಥರ ಮಾತಾಡೋರು ಒಬ್ರೇ!"

"ಯಾವ ಪಿಕ್ಚರ್ ಡೈಲಾಗಮ್ಮ ಇದು?"

"ಇನ್ನೂ ರಿಲೀಸ್ ಆಗಿಲ್ಲ ಮೇಡಂ."

ಅವರಿಗೆ ನಗು ಬಂತು, ಆದರೆ ಅಧಿಕಾರಿ ಅಂತ ನುಂಗಿಕೊಂಡರು. "ಸರಿ. ಶಿಕ್ಷೆ ಏನಪ್ಪ ಅಂದ್ರೆ, ನಾಳೆಯಿಂದ ನನ್ನ ಜೊತೆ ಗುಂಡಿ ತೋಡ್ಬೇಕು. 'ಬೀದಿಗೆ ನೆರಳು' ಅಂತ ಯೋಜನೆ. ಸಂತೆ ಬೀದಿಯಿಂದ್ಲೇ ಶುರು."

ಸಂತೆ ಬೀದಿ ಅಂದ ತಕ್ಷಣ ನಾನು ತಮಾಷೆ ನಿಲ್ಲಿಸಿದೆ. ಯಾಕೆಂದರೆ ಟಾಕೀಸಿನಲ್ಲಿ ಆಗ ಓಡುತ್ತಿದ್ದದ್ದು ಕೊನೆಯ ಪಿಕ್ಚರು. ಅದು ಎತ್ತಂಗಡಿಯಾದ ಮೇಲೆ ಟಾಕೀಸು ಕಲ್ಯಾಣ ಮಂಟಪ ಆಗುವುದು ಅಂತ ಗೊತ್ತಾಗಿತ್ತು. ಕಟೌಟು ಇಳಿಯುತ್ತದೆ, ಇನ್ನೊಂದು ಕಟೌಟು ಏರುವುದಿಲ್ಲ. ಬೇಸಿಗೆ ಆಗಲೇ ಬಾಗಿಲಿಗೆ ಬಂದು ನಿಂತಿತ್ತು. ಅಮ್ಮ ಆ ಬಿಸಿಲಿನಲ್ಲಿ ದಿನವಿಡೀ ಎಲ್ಲಿ ನಿಲ್ಲುತ್ತಾಳೆ?

ಮೊದಲ ಸಾಲು ಸಸಿ ನೆಟ್ಟ ದಿನ ಮೇಡಂ ಸಂಪ್ರದಾಯದಂತೆ ಅಧ್ಯಕ್ಷರನ್ನೇ ಕರೆದರು. "ಮೇಡಂ, ಭಾಷಣದ ಕೊನೇ ಸಾಲು ಬರೋ ಹೊತ್ತಿಗೆ ಅವ್ರ ಬಾಯಿಗೆ ಒಂದು ಲಡ್ಡು ತುರುಕ್ಬಿಡಿ," ಅಂದೆ. ಮೇಡಂ ಕಣ್ಣು ಬಿಟ್ಟು ಗದರಿಸಿದರು. ಅಧ್ಯಕ್ಷರು ಸಸಿಗೆ ನೀರು ಹಾಕಿ, ಫೋಟೋಗೆ ಎರಡು ಸಲ ಹಾಕಿ, ಕೈಯೆತ್ತಿ ಅಂದೇಬಿಟ್ಟರು: "ನಾನು ಮತ್ತೆ ಬರ್ತೀನಿ!" ಆ ವಾರ ಕಳೆಯುವುದರೊಳಗೆ ಸಸಿಗಳೆಲ್ಲ ಎದ್ದು, ಮೈಗೆ ಹಾಕಿದ್ದ ತಂತಿ ಬೇಲಿಯ ಸಮೇತ, ಯೂನಿಫಾರಂ ಹಾಕಿದ ಅಂಗನವಾಡಿ ಮಕ್ಕಳ ಹಾಗೆ ಸಾಲಾಗಿ ಅಧ್ಯಕ್ಷರ ಮನೆಗೆ ಹೋದವು. ರಸ್ತೆಯ ಎಡಗಡೆಯಲ್ಲೇ ನಡೆದವು. ನಮ್ಮೂರ ಆಟೋದವರಿಗಿಂತ ಶಿಸ್ತು.

ಎರಡನೆಯ ಸಾಲನ್ನು ಮೂಕರಾಗಿ ನೆಟ್ಟೆವು. ಸಂತೆ ಬೀದಿಯ ವ್ಯಾಪಾರಿಗಳೆಲ್ಲ ಬಾಯಿಗೆ ಬಟ್ಟೆ ಕಟ್ಟಿಕೊಂಡು ಸಸಿಗಳನ್ನು ಗುಂಡಿಗೆ ಇಳಿಸಿದರು. ಒಂದು ಮಾತಿಲ್ಲ. ಸಸಿಗಳು ಎಲ್ಲೂ ಹೋಗಲಿಲ್ಲ, ಬೆಳೆಯಲೂ ಇಲ್ಲ. ಎಲೆ ಮಡಚಿಕೊಂಡು, ತಲೆ ಬಗ್ಗಿಸಿಕೊಂಡು ನಿಂತವು. ನೀರು ಹಾಕಿದರೆ ಕುಡಿಯದೆ ಬಿಟ್ಟವು. ಅಮ್ಮ ಸೌತೆಕಾಯಿ ಸಿಪ್ಪೆ ತೆಗೆಯುತ್ತಾ ಹೇಳಿದಳು: "ಒಂದ್ ಮಾತೂ ಆಡ್ದೆ ಗುಂಡೀಲಿ ನಿಲ್ಸಿ ಮಣ್ಣು ಮುಚ್ಚಿದ್ರೆ, ಅದನ್ನ ನೆಡೋದು ಅಂತಾರೋ ಹೂಳೋದು ಅಂತಾರೋ ಮೇಡಮ್ಮೋರೆ?"

ಮೇಡಂ ನನ್ನ ಕಡೆ ತಿರುಗಿದರು. "ಚಿತ್ರಿ, ನಿನ್ನ ಗಂಟಲಿಗೆ ಕೆಲಸ ಬಂತು. ದಿನಾ ಇವುಗಳ ಹತ್ರ ಮಾತಾಡು. ಏನಾದ್ರೂ ಆಡು, ಆ ಒಂದ್ ಮಾತು ಬಿಟ್ಟು."

ನನಗೆ ಹೀಗೆ ಹೇಳುವವರೇ ಬೇಕಿತ್ತು. ಬೆಳಿಗ್ಗೆ ಕ್ಯಾನು ಹಿಡಿದು ಹೋಗಿ ಶೋ ಶುರು ಮಾಡುತ್ತಿದ್ದೆ. ವಿಲನ್ ಆಗಿ ನಕ್ಕೆ, ತಾಯಿಯಾಗಿ ಕೆಮ್ಮಿದೆ, ಜಡ್ಜಾಗಿ ಸುತ್ತಿಗೆ ಬಡಿದೆ. ಸಸಿಗಳು ತಲೆ ಎತ್ತಿದವು. ಹೊಂಗೆ ಸಸಿಯೊಂದಕ್ಕೆ ಫೈಟಿಂಗ್ ಸೀನ್ ಅಂದರೆ ಪ್ರಾಣ; ಢಿಶುಂ ಅಂದರೆ ಹೊಸ ಎಲೆ ಬಿಡುತ್ತಿತ್ತು. ಜನವೂ ಸೇರಿದರು. ಶುಕ್ರವಾರದ ಹೊತ್ತಿಗೆ ಶಿಳ್ಳೆ ಬೀಳತೊಡಗಿತು. ಶಿಳ್ಳೆ ಬಿದ್ದರೆ ನಾನು ನನ್ನ ಕೈಯಲ್ಲಿ ಇರುವುದಿಲ್ಲ. ಕಟೌಟಿನ ಕಡೆ ಕೈ ತೋರಿಸಿ, ಅದೇ ಹೀರೋನ ಗಡಸು ಧ್ವನಿಯಲ್ಲಿ, ಕ್ಲೈಮ್ಯಾಕ್ಸಿನ ಡೈಲಾಗು ಹೊಡೆದೆ: "ಗಾಳಿಗೆ ಗೇಟ್ ಹಾಕ್ತೀರೇನ್ರೋ? ನಂಗೂ ಹಾಕಕ್ಕಾಗಲ್ಲ. ಬರ್ತೀನಿ ಕಣ್ರೋ! ಇದೇ ಜಾಗಕ್ಕೆ ಬರ್ತೀನಿ!"

ಶಿಳ್ಳೆ ನಿಂತಿತು. ಮೇಡಂ ಹಣೆ ಹಿಡಿದುಕೊಂಡರು.

ನಾನು ಮನೆಯ ಮುಂದೆ ಜಾಗ ಗುಡಿಸಿ ಕಾದೆ. ಮಾತು ಕೊಟ್ಟವಳು ನಾನು, ಹೇಗೂ ನಮ್ಮನೆಗೇ ಬರುತ್ತವೆ ಅಂತ. ಸಸಿಗಳು ಬಂದವು. ನಮ್ಮ ಓಣಿಯ ಬಾಯಿ ದಾಟಿ, ನನ್ನ ಕಡೆ ತಿರುಗಿಯೂ ನೋಡದೆ ಮುಂದೆ ಹೋದವು. ಹೋಗಿ ಕಟೌಟಿನ ಕಾಲ ಬಳಿ ಸುತ್ತ ನಿಂತು ಮೇಲೆ ನೋಡತೊಡಗಿದವು, ಹೀರೋ ಬಾಲ್ಕನಿಗೆ ಬಂದು ಕೈ ಬೀಸುವುದನ್ನು ಕಾಯುವ ಅಭಿಮಾನಿಗಳ ಹಾಗೆ. ನನಗೆ ಸ್ವಲ್ಪ ಅವಮಾನವೇ ಆಯಿತು.

"ಅವಕ್ಕೆ ಬಾಯಿ ಯಾರದ್ದು ಅಂತಲ್ಲ, ಧ್ವನಿ ಯಾರದ್ದು ಅಂತ ಲೆಕ್ಕ," ಅಂದಳು ಅಮ್ಮ. ಆಮೇಲೆ ಚಾಕು ಕೆಳಗಿಟ್ಟು ನನ್ನ ಮುಖ ನೋಡಿದಳು. "ಅಲ್ಲಾ ಕಣೇ ಚಿತ್ರಿ, ನಿಂದು ಅಂತ ಒಂದು ಧ್ವನಿ ಐತೇನೆ?"

"ಐತೆ. ಡಬ್ಬಿಂಗಿಗೆ ಹೋಗೈತೆ," ಅಂದೆ. ಅಮ್ಮ ನಗಲಿಲ್ಲ.

ಅದೇ ವಾರ ಪಿಕ್ಚರು ಎತ್ತಂಗಡಿಯಾಯಿತು. ಲಾರಿ ಬಂತು. ಹೀರೋನನ್ನು ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿ, ಮಲಗಿಸಿ, ಬೇರೆ ಊರಿಗೆ ಸಾಗಿಸಿದರು. ಲಾರಿಯ ಹಿಂದೆಯೇ ಸಸಿಗಳೂ ಹೊರಟವು, ಧೂಳಿನಲ್ಲಿ ಕುಣಿಕುಣಿಯುತ್ತಾ. ಕ್ಯಾನು ಹಿಡಿದು ಊರ ಗಡಿಯವರೆಗೆ ಓಡಿದೆ. ಉಳಿದದ್ದು ಆ ಹೊಂಗೆ ಸಸಿ ಒಂದೇ. ಅದರ ತಂತಿ ಬೇಲಿ ಅಮ್ಮನ ಗಾಡಿಯ ಚಕ್ರಕ್ಕೆ ಸಿಕ್ಕಿಕೊಂಡಿತ್ತು. ಬಿಡಿಸುವಷ್ಟರಲ್ಲಿ ಲಾರಿ ಹೋಗಿತ್ತು. ಯಾವ ಕಡೆ ಹೋಗಬೇಕೆಂದು ತಿಳಿಯದೆ ಅದು ಅಲ್ಲೇ ನಿಂತಿತು. ಗಾಡಿಯ ಪಕ್ಕ ಗುಂಡಿ ತೋಡಿ ಇಳಿಸಿದೆವು. ನನಗೆ ಆಗ ಯಾರ ಡೈಲಾಗೂ ನೆನಪಾಗಲಿಲ್ಲ.

ಮಾರನೆಯ ದಿನ ಸಂತೆ ಬೀದಿಯ ಮೇಲೆ ಬಿಸಿಲು ಬಿತ್ತು. ಅಲ್ಲಿಯವರೆಗೆ ಬಿದ್ದದ್ದು ಬಿಸಿಲೇ ಅಲ್ಲ ಅನ್ನಿಸುವ ಹಾಗೆ ಬಿತ್ತು. ಖತೀಜಕ್ಕನ ಬಳೆಗಳು ಮುಟ್ಟಿದರೆ ಸುಡುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಅಮ್ಮ ಗಿರಾಕಿಗೆ ಸೌತೆಕಾಯಿ ಕೊಡಲು ಕೈ ಚಾಚಿದವಳು ಹಾಗೇ ಕುಸಿದು ಕೂತಳು. ಮೇಡಂ ಓಡಿ ಬಂದು ತಮ್ಮ ಕೊಡೆ ಅಮ್ಮನ ಮೇಲೆ ಹಿಡಿದರು, ಖತೀಜಕ್ಕ ನೀರು ಚಿಮುಕಿಸಿದಳು. ಕಣ್ಣು ಬಿಟ್ಟ ಅಮ್ಮ ಮೊದಲು ಕೇಳಿದ್ದು, "ಆ ಗಿರಾಕಿ ಖಾರ ಜಾಸ್ತಿ ಅಂದ್ರೋ ಕಮ್ಮಿ ಅಂದ್ರೋ?"

"ಮೇಡಂ," ಅಂದೆ. "ಸಸಿ ನೆಟ್ಟು, ಅದು ಬೆಳ್ದು, ನೆರಳು ಕೊಡೋ ಹೊತ್ತಿಗೆ ಈ ಬೀದೀಲಿ ಯಾರೂ ಇರಲ್ಲ. ಬೆಳೆದಿರೋ ಮರಾನೇ ಕರೆಸೋಣ."

"ಎಲ್ಲಿಂದ?"

ನಾನು ಅಧ್ಯಕ್ಷರ ಮನೆಯ ಕಡೆ ಬೆರಳು ತೋರಿಸಿದೆ. ಹಸಿರು ಗುಡ್ಡ ಕವುಚಿ ಹಾಕಿದ ಹಾಗೆ ಕಾಣುತ್ತಿತ್ತು. "ಅವ್ರಂತೂ ಮರಗಳನ್ನ ಮಾತಾಡ್ಸಲ್ಲ. ನಮ್ಮೋರು ಹೋಗಿ ತಲೆಗೊಂದು ಮರ ಹಿಡಿದು, 'ಬರ್ತೀನಿ' ಅಂತ ಹೇಳಿ ಬಂದ್ಬಿಡ್ಲಿ. ಆಮೇಲೆ ಹೋಗೋದೇ ಬೇಡ. ಕಾದು ಕಾದು ಅವೇ ಹುಡುಕ್ಕೊಂಡು ಇಲ್ಲಿಗೆ ಬರ್ತವೆ. ಇವರು ದಿನವೆಲ್ಲಾ ಇರೋದು ಇಲ್ಲೇ ತಾನೆ?"

ಮೇಡಂ ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. "ಅಲ್ಲಮ್ಮ, ಅದು ಮರಕ್ಕೆ ಸುಳ್ಳು ಹೇಳಿದ ಹಾಗಲ್ವಾ?"

ಕೊಡೆಯ ಕೆಳಗಿಂದ ಅಮ್ಮ ಅಂದಳು: "ಅವು ಒಂದ್ಸಲ ಬರ್ಲಿ ಮೇಡಮ್ಮೋರೆ. ಆಮೇಲೆ ನಾವು ದಿನಾ ಬರ್ತೀವಲ್ಲ. ಲೆಕ್ಕ ಸರಿಹೋಯ್ತದೆ."

ಹಾಗೆ ಒಂದು ಮಧ್ಯಾಹ್ನ, ಅಧ್ಯಕ್ಷರು ಊಟ ಮುಗಿಸಿ ಮಲಗುವ ಹೊತ್ತಿಗೆ, ಸಂತೆ ಬೀದಿ ಇಡೀ ಅವರ ಗೇಟಿನ ಮುಂದೆ ನಿಂತಿತು. ನಾನು ಗಂಟಲು ಸರಿಮಾಡಿಕೊಂಡು ಅಧ್ಯಕ್ಷರ ಧ್ವನಿಯಲ್ಲಿ ಕೂಗಿದೆ, "ಲೇ, ಯಾರೋ ಅಲ್ಲಿ, ಗೇಟ್ ತೆಗಿಯೋ!" ಮರಗಳ ನಡುವಿನಿಂದ ಬ್ಯಾಟರಿ ಹಿಡಿದು ಬಂದವರು ಅಧ್ಯಕ್ಷರ ಹೆಂಡತಿ ಸುಲೋಚನಮ್ಮ.

"ನಮ್ಮನೆಯವ್ರು ಒಳಗೆ ಗೊರಕೆ ಹೊಡೀತಾವ್ರೆ, ಹೊರಗೂ ಕೂಗ್ತಾವ್ರಲ್ಲ!" ಅಂದರು. ನನ್ನ ಮುಖಕ್ಕೆ ಬ್ಯಾಟರಿ ಬಿಟ್ಟರು. "ನೀನು ಬಸ್ ಸ್ಟ್ಯಾಂಡಿನೋಳು. ಏನೇ ಬೇಕು?"

ಸಿಕ್ಕಿಬಿದ್ದ ಮೇಲೆ ಇನ್ನೇನು, ನಿಜ ಹೇಳಿದೆ. ಸುಲೋಚನಮ್ಮ ನಮ್ಮನ್ನೆಲ್ಲ ಒಂದು ಸಲ ನೋಡಿದರು. ಆಮೇಲೆ ಗೇಟನ್ನು ಎರಡೂ ಕಡೆ ಅಗಲಕ್ಕೆ ತೆಗೆದರು.

"ಹಪ್ಪಳ ಒತ್ತಿ ಎಷ್ಟ್ ವರ್ಷ ಆಯ್ತು ಗೊತ್ತೇನ್ರೇ? ಒಣಗ್ಸಕ್ಕೆ ಈ ಮನೇಲಿ ಅಂಗೈ ಅಗಲ ಬಿಸಿಲಿಲ್ಲ. ಸಂಡಿಗೆ ಮಾಡಿದ್ರೆ ಬೂಜು ಬರ್ತದೆ. ಬಟ್ಟೆ ಎಲ್ಲಾ ಮುಗ್ಗುಲು ವಾಸ್ನೆ. ಒಯ್ರಿ. ಎಲ್ಲಾ ಒಯ್ರಿ. ಅಡಿಗೆಮನೆ ಕಿಟಕಿಗೆ ಅಡ್ಡ ನಿಂತಿರೋ ಅತ್ತಿ ಮರಾನ ಮಾತ್ರ ಮರೀಬೇಡಿ, ಅದನ್ನ ಮೊದ್ಲು ಒಯ್ರಿ!"

ಒಬ್ಬೊಬ್ಬರು ಒಂದೊಂದು ಮರಕ್ಕೆ ಅಂಟಿಕೊಂಡರು. ಹೆಣ್ಣು ನೋಡಲು ಹೋದವರ ಹಾಗೆ ಮೊದಲು ಸ್ವಲ್ಪ ನಾಚಿಕೆ, ಆಮೇಲೆ ಮಾತೋ ಮಾತು. ಖತೀಜಕ್ಕ ನೇರಳೆ ಮರದ ಹತ್ತಿರ ಆಗಲೇ ಜಗಳ ಶುರು ಮಾಡಿದ್ದಳು: "ನೋಡವ್ವ, ನಿನ್ ಹಣ್ಣು ನನ್ ಬಿಳೇ ಬಳೆ ಮೇಲೆ ಬಿದ್ರೆ ಕಲೆ ಹೋಗಲ್ಲ. ಪಕ್ಕಕ್ಕೆ ಉದುರ್ಸು. ಆಯ್ತಾ? ಬರ್ತೀನಿ." ಅಮ್ಮ ಒಂದು ದೊಡ್ಡ ಬೇವಿನ ಮರದ ತೊಗಟೆಗೆ ಬೆನ್ನು ಕೊಟ್ಟು ಕೂತು ಸುಧಾರಿಸಿಕೊಂಡಳು. ಏಳುವಾಗ ಸೆರಗು ಕೊಡವಿ, "ಟಾಕೀಸ್ ಎದ್ರಿಗೆ ನನ್ ಗಾಡಿ. ಬರ್ತೀನಪ್ಪ," ಅಂದಳು. ವಿಳಾಸ ಕೊಟ್ಟವಳು ಅವಳೊಬ್ಬಳೇ.

ನನಗೂ ಒಂದು ಮರ ಹಿಡಿಯಲು ಮೇಡಂ ಹೇಳಿದರು. ನಾನು ಒಂದು ಹುಣಸೆಯ ಮುಂದೆ ನಿಂತೆ. ಯಾರ ಧ್ವನಿಯಲ್ಲಿ ಹೇಳುವುದು ಅಂತ ತಿಳಿಯಲಿಲ್ಲ. ಹೀರೋ ಆದರೆ ಊರು ಬಿಟ್ಟು ಹೋಗುತ್ತದೆ, ಜಡ್ಜು ಆದರೆ ಕೋರ್ಟಿಗೆ ಹೋಗುತ್ತದೆ. ಕೊನೆಗೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಬಂದೆ.

ಅವು ಬಂದ ದಿನವನ್ನು ನಮ್ಮೂರು ಇನ್ನೂ ಮಾತಾಡಿಕೊಳ್ಳುತ್ತದೆ. ಮಧ್ಯಾಹ್ನದ ಶಾಲೆ ಬಿಟ್ಟಿತ್ತು. ಬೇವು ಮುಂದೆ, ನೇರಳೆ, ಅತ್ತಿ, ಗೋಣಿ, ಮತ್ತಿ ಎಲ್ಲ ಹಿಂದೆ, ಬುಡದ ಮಣ್ಣು ಉದುರಿಸಿಕೊಳ್ಳುತ್ತಾ ಮುಖ್ಯ ರಸ್ತೆಯಲ್ಲಿ ನಡೆದು ಬಂದವು. ಪೊಲೀಸಪ್ಪ ಪೀಪಿ ಊದಿ ಬಸ್ಸುಗಳನ್ನು ನಿಲ್ಲಿಸಿದ. ಬಸ್ಸಿನ ಕಿಟಕಿಯಿಂದ ಒಬ್ಬ ಮುದುಕ ಕೈ ಚಾಚಿ ಬೇವಿನ ಕಡ್ಡಿ ಮುರಿದುಕೊಂಡ, ನಾಳೆ ಹಲ್ಲುಜ್ಜಲು. ಗೂಡಿನಲ್ಲಿದ್ದ ಹಕ್ಕಿಗಳು ಹಾರಲಿಲ್ಲ, ಟಿಕೆಟ್ ತಗೊಂಡು ಕೂತ ಹಾಗೆ ಕೂತಿದ್ದವು. ಬೇವು ನೇರವಾಗಿ ಬಂದು ಅಮ್ಮನ ಗಾಡಿಯ ಹಿಂದೆ ನಿಂತಿತು, ಬೇರು ಇಳಿಸಿತು, ಉಸ್ ಅಂತ ಉಸಿರು ಬಿಟ್ಟಿತು. ಅಮ್ಮನ ಮೇಲೆ ನೆರಳು ಬಿತ್ತು. ಅವಳು ತಲೆಯ ಮೇಲಿನ ಒದ್ದೆ ಟವಲು ತೆಗೆದು ಹಿಂಡಿ ಗಾಡಿಯ ಹಿಡಿಕೆಗೆ ಹಾಕಿದಳು. ಅಷ್ಟೇ ಮಾಡಿದ್ದು. ನಾನು ಆ ಕಡೆ ತಿರುಗಿಕೊಂಡೆ. ಕಣ್ಣಿಗೆ ಧೂಳು, ಬೇರೇನಿಲ್ಲ.

ಅಲ್ಲಿಂದ ಸಂತೆ ಬೀದಿಗೆ ಹೊಸ ರೂಢಿ ಬಂತು. ಸಂಜೆ ಎಲ್ಲರೂ ಸಾಮಾನು ಕಟ್ಟಿ, ತಮ್ಮ ತಮ್ಮ ಮರಕ್ಕೆ "ನಾಳೆ ಬರ್ತೀನಿ" ಅನ್ನುವುದು, ಬೆಳಿಗ್ಗೆ ಬರುವುದು. ನಾಳೆ ಅಂತ ಹೇಳಿದರೆ ಮರಗಳು ನಾಳೆ ಮಧ್ಯಾಹ್ನದವರೆಗೆ ಮಾತ್ರ ಕಾಯುತ್ತವೆ ಅಂತ ಎಲ್ಲರಿಗೂ ಗೊತ್ತು. ಸೋಮವಾರ ಸಂತೆಗೆ ರಜೆ, ಆದ್ದರಿಂದ ಭಾನುವಾರ ಸಂಜೆ ಜ್ಞಾಪಕ ಇಟ್ಟುಕೊಂಡು "ನಾಡಿದ್ದು ಬರ್ತೀನಿ" ಅನ್ನಬೇಕು. ಮೇಡಂ ಭಾನುವಾರ ಸಂಜೆ ಬೀದಿಯ ಉದ್ದಕ್ಕೂ ನಡೆದು, "ನಾಡಿದ್ದು ಅನ್ರಪ್ಪ, ನಾಡಿದ್ದು!" ಅಂತ ಕೂಗುತ್ತಿದ್ದರು. ಯಾರಿಗಾದರೂ ಜ್ವರ ಬಂದರೆ ಮಂಚ ಹೊತ್ತು ತಂದು ಮರಕ್ಕೆ ಮುಖ ತೋರಿಸಿ ಹೋಗುತ್ತಿದ್ದರು.

ಇತ್ತ ಅಧ್ಯಕ್ಷರು ಮಧ್ಯಾಹ್ನದ ನಿದ್ದೆಯಿಂದ ಎದ್ದಾಗ ಮುಖದ ಮೇಲೆ ಬಿಸಿಲು ಬಿದ್ದಿತ್ತಂತೆ. ಮನೆಗೆ ಬೆಂಕಿ ಬಿತ್ತು ಅಂತ ಕೂಗಿಕೊಂಡರಂತೆ. ಹೊರಗೆ ಬಂದರೆ ಅಂಗಳದ ತುಂಬ ಹಪ್ಪಳ. ನಿಜ ಗೊತ್ತಾದ ಮೇಲೆ ಅವರು ಸಿಟ್ಟು ಮಾಡಿಕೊಳ್ಳಲಿಲ್ಲ, ಅದೇ ಭಯವಾದದ್ದು. ನಗುತ್ತಾ ಮೇಡಂಗೆ ಹೇಳಿ ಕಳಿಸಿದರು: ಸಂತೆ ಬೀದಿಯ ನೆರಳಿನ ಉದ್ಘಾಟನೆ ನಾವೇ ಮಾಡುತ್ತೇವೆ, ಭಾಷಣವೂ ಇರುತ್ತದೆ.

"ನನ್ ಮರ ನನ್ ಮನೆಗೆ ಹೇಗ್ ಬರ್ಬೇಕು ಅಂತ ನಂಗೆ ಗೊತ್ತಿಲ್ವೇನಮ್ಮ ಚಿತ್ರಿ?" ಅಂದರು, ವೇದಿಕೆ ಹತ್ತುವ ಮೊದಲು ನನ್ನ ಕಿವಿಯ ಹತ್ತಿರ ಬಗ್ಗಿ. "ಎರಡೇ ಎರಡು ಪದ."

ಮೇಡಂ ಮುಖ ಸುಣ್ಣದ ಹಾಗೆ ಆಯಿತು. ಅಧ್ಯಕ್ಷರನ್ನು ಬೇಡ ಅನ್ನುವುದಕ್ಕೆ ಆಗುವುದಿಲ್ಲ. ನಾನು ಮೈಕ್ ಸೆಟ್ಟಿನ ಹಿಂದೆ ಹೋಗಿ ಕೂತೆ. ಇನ್ನೊಂದು ಮೈಕು ನನ್ನ ಮಡಿಲಲ್ಲಿ. ಖತೀಜಕ್ಕನಿಗೆ ಕಣ್ಣು ಹೊಡೆದೆ; ಅವಳು ಬಳೆಯ ಪೆಟ್ಟಿಗೆಗೆ ಕೈ ಹಾಕಿ ಸಿದ್ಧಳಾದಳು.

ಅಧ್ಯಕ್ಷರು ಋತುಮಾನ, ಪರಿಸರ, ತಮ್ಮ ಬಾಲ್ಯ, ತಮ್ಮ ತಾಯಿ ಎಲ್ಲ ಮುಗಿಸಿ, ಮರಗಳ ಕಡೆ ಒಂದು ಸಲ ತಿರುಗಿ, ಎದೆ ತುಂಬಿಕೊಂಡರು. "ಬಂಧುಗಳೇ! ನಾನು ಮತ್ತೆ ಬ..."

ನಾನು ಅವರ ಮೈಕಿನ ವೈರು ಕಿತ್ತೆ. ಖತೀಜಕ್ಕ ಪೆಟ್ಟಿಗೆ ಅಲ್ಲಾಡಿಸಿದಳು, ಇಡೀ ಬೀದಿ ಶಿಳ್ಳೆ ಹಾಕಿತು. ಆ ಗದ್ದಲದಲ್ಲಿ ಅವರ ಬಾಯಿ ಮಾತ್ರ ಆಡುತ್ತಿತ್ತು. ಸ್ಪೀಕರಿನಿಂದ ಅವರದೇ ಧ್ವನಿ ಕೇಳಿತು, ನನ್ನ ಗಂಟಲಿನಿಂದ: "ಮತ್ತೆ ಬರೋ ಮಾತೇ ಇಲ್ಲ ಬಂಧುಗಳೇ! ಹೋದ್ರೆ ತಾನೆ ಬರೋದು? ನಾನು ಎಲ್ಲೂ ಹೋಗಲ್ಲ. ಇಲ್ಲೇ ಕೂರ್ತೀನಿ. ನಿಮ್ ಜೊತೆ, ಈ ಉರಿಬಿಸಿಲಲ್ಲಿ... ಕ್ಷಮಿಸಿ, ಈ ತಂಪು ನೆರಳಲ್ಲಿ!"

ಅಧ್ಯಕ್ಷರ ರಾಜಕೀಯದಲ್ಲಿ ಅಂಥ ಚಪ್ಪಾಳೆ ಬಿದ್ದಿರಲಿಲ್ಲ. ಅವರು ಬಾಯಿ ತೆರೆದುಕೊಂಡೇ ಕೈ ಮುಗಿದರು, ಅದೂ ಅಭ್ಯಾಸಬಲ. ವೇದಿಕೆ ಇಳಿದು ಕಾರಿನ ಕಡೆ ಹೊರಟರು. ಬೇವಿನ ಮರ ಒಂದು ಬೇರನ್ನು ಅವರ ಮುಂದೆ ಚಾಚಿತು, ಮನೆಗೆ ಬಂದವರಿಗೆ ಮಣೆ ಹಾಕಿದ ಹಾಗೆ. ಬಲಕ್ಕೆ ತಿರುಗಿದರು, ಅಲ್ಲಿ ಗೋಣಿ. ಎಡಕ್ಕೆ ತಿರುಗಿದರು, ಅತ್ತಿ. ಕಾರಿಗೂ ಅವರಿಗೂ ನಡುವೆ ಇಡೀ ಕಾಡು ಒಂದೊಂದು ಹೆಜ್ಜೆ ಹತ್ತಿರ ಸರಿದು ನಿಂತಿತ್ತು. ಅವರು ನನ್ನ ಕಡೆ ನೋಡಿದ ನೋಟಕ್ಕೆ ಡೈಲಾಗು ಬೇಕಾಗಿರಲಿಲ್ಲ. ಬೇರಿನ ಮೇಲೆ ಕೂತರು.

"ಖಾರ ಹಾಕ್ಲಾ ಯಜಮಾನ್ರೆ?" ಅಂದಳು ಅಮ್ಮ.

"ಸ್ವಲ್ಪ ಹಾಕಮ್ಮ," ಅಂದರು ಸೋತ ಧ್ವನಿಯಲ್ಲಿ.

ಕೂತಲ್ಲೇ ಜನ ಸಿಕ್ಕಿದರು. ಒಬ್ಬಳು ನಲ್ಲಿಯ ಮಾತು ತೆಗೆದಳು, ಒಬ್ಬ ಚರಂಡಿಯದು. ಓಡಿಹೋಗಲು ದಾರಿ ಇಲ್ಲದ್ದರಿಂದ ಅಧ್ಯಕ್ಷರು ಎಲ್ಲವನ್ನೂ ಪೂರ್ತಿ ಕೇಳಿದರು. ಮೂರನೇ ಸೌತೆಕಾಯಿಯ ಹೊತ್ತಿಗೆ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು, ಯಾರೋ ಹೇಳಿದ ಜೋಕಿಗೆ ನಿಜವಾಗಿ ನಕ್ಕರು. ಹೊತ್ತು ಇಳಿಯಿತು. ವ್ಯಾಪಾರಿಗಳು ಸಾಮಾನು ಕಟ್ಟತೊಡಗಿದರು. ಅಧ್ಯಕ್ಷರು ಎದ್ದು ನಿಂತರು, ಬೇರು ಮತ್ತೆ ಅಡ್ಡ ಬಂತು.

"ಏನಂತ ಹೇಳಿ ಏಳ್ಲಮ್ಮ ನಾನು?" ಅಂತ ಅಮ್ಮನನ್ನೇ ಕೇಳಿದರು.

"ನಾವೆಲ್ಲಾ ಹೇಳೋದೇ. ನಾಳೆ ಬರ್ತೀನಿ ಅನ್ನಿ. ಬಿಡ್ತವೆ."

"ಅಮ್ಮಾ!" ಅಂತ ಕಿರುಚಿದೆ. ಅವರಿಗೆ ಬೇಕಾಗಿದ್ದ ಮಾತನ್ನು ಇವಳೇ ಕೈಗೆ ಕೊಡುತ್ತಿದ್ದಾಳಲ್ಲ! ಅಧ್ಯಕ್ಷರ ಮುಖದಲ್ಲಿ ಸಣ್ಣ ನಗು ಮೂಡಿತು. ಬೀದಿಗೆಲ್ಲ ಕೇಳುವ ಹಾಗೆ, ತಮ್ಮದೇ ಗಂಟಲಿನಲ್ಲಿ, ಬಿಡಿಸಿ ಬಿಡಿಸಿ ಹೇಳಿದರು: "ನಾಳೆ. ಬರ್ತೀನಿ." ಮರಗಳು ದಾರಿ ಬಿಟ್ಟವು. ಕಾರು ಹೋಯಿತು.

"ಯಾಕಮ್ಮ ಹಿಂಗೆ ಮಾಡ್ದೆ?" ನನಗೆ ಅಳುವೇ ಬಂದಿತ್ತು. "ಅವ್ರು ಯಾವತ್ತಾದ್ರೂ ಮತ್ತೆ ಬಂದಿದ್ದುಂಟಾ?"

"ಯಾರಾದ್ರೂ ಅವ್ರನ್ನ ಕೂರ್ಸಿ ಸೌತೆಕಾಯಿ ಕೊಟ್ಟಿದ್ದುಂಟಾ?" ಅಂದಳು ಅಮ್ಮ. "ಮನುಷ್ಯನ್ನ ಎಷ್ಟ್ ದಿನ ಬೇರು ಅಡ್ಡ ಹಾಕಿ ಹಿಡಿಯೋದು? ಬಂದ್ರೆ ಬರ್ಲಿ." ಆಮೇಲೆ ತನ್ನ ಬೇವಿಗೆ "ನಾಳೆ ಬರ್ತೀನಪ್ಪ" ಅಂದು ಗಾಡಿ ತಳ್ಳಿಕೊಂಡು ನಡೆದಳು. ಅವಳ ಹೆಗಲು ಮಾತ್ರ ಗಟ್ಟಿಯಾಗಿ ಬಿಗಿದಿತ್ತು.

ಮಾರನೆಯ ದಿನ ಭಾನುವಾರ. ಬೆಳಿಗ್ಗೆ ವ್ಯಾಪಾರ ನಡೆಯಿತು, ಯಾರ ಗಮನವೂ ವ್ಯಾಪಾರದ ಮೇಲಿರಲಿಲ್ಲ. ಎಲ್ಲರೂ ರಸ್ತೆಯ ತಿರುವನ್ನೇ ನೋಡುತ್ತಿದ್ದರು. ಖತೀಜಕ್ಕ ಒಬ್ಬಳು ಹುಡುಗಿಯ ಒಂದೇ ಕೈಗೆ ಎರಡೂ ಕೈಯ ಬಳೆ ತೊಡಿಸಿದಳು. ತಮ್ಮ ತಮ್ಮ ಮನುಷ್ಯರು ಎದುರಿಗೇ ಇದ್ದರೂ ಮರಗಳು ಅಧ್ಯಕ್ಷರ ಮಾತನ್ನೂ ಮರೆತಿರಲಿಲ್ಲ; ಹಳೇ ಬಾಕಿ ಅದು. ಮಧ್ಯಾಹ್ನ ಹತ್ತಿರವಾದಂತೆ ನೆಲದಲ್ಲಿ ಬಿರುಕು ಬಿಟ್ಟಿತು. ಗೋಣಿ ಮರದ ಬುಡ ಅಲ್ಲಾಡಿತು. ಬೇವಿನ ಬೇರು ಮಣ್ಣಿನಿಂದ ಬೆರಳಿನಷ್ಟು ಮೇಲೆ ಎದ್ದಿತು, ಅಮ್ಮನ ಗಾಡಿಯ ಚಕ್ರ ಓರೆಯಾಯಿತು. ಮೇಡಂ ಕೊಡೆ ಮಡಚಿ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದರು, ಅದರಿಂದಲೇ ಇಡೀ ಕಾಡನ್ನು ತಡೆಯುವವರ ಹಾಗೆ.

ಆಗ ತಿರುವಿನಲ್ಲಿ ಒಂದು ಟೋಪಿ ಕಂಡಿತು. ಕಾರಿಲ್ಲ. ಹವಾಯಿ ಚಪ್ಪಲಿ, ಬೆವರು. ಅಧ್ಯಕ್ಷರು ಒಂದು ಕೈಯಲ್ಲಿ ಮಡಚುವ ಕುರ್ಚಿ ಹಿಡಿದು ಏದುಸಿರು ಬಿಡುತ್ತಾ ಬಂದರು. ಹಿಂದೆ ಸುಲೋಚನಮ್ಮ, ಹಪ್ಪಳದ ಡಬ್ಬಿ ಕಂಕುಳಲ್ಲಿ.

"ಬೇರಿನ ಮೇಲೆ ಕೂತು ಸೊಂಟ ಹಿಡ್ಕೊಂಡೈತೆ," ಅಂದರು ಅಧ್ಯಕ್ಷರು ಯಾರನ್ನೂ ನೋಡದೆ, ಕುರ್ಚಿ ಬಿಡಿಸುತ್ತಾ. "ಅದಕ್ಕೆ ಕುರ್ಚಿ. ಆ ನಲ್ಲಿ ಹೆಂಗಸು ಎಲ್ಲವ್ಳೆ? ಪೈಪು ಇವತ್ತು ಹಾಕ್ತಾರೆ ಅಂತ ಹೇಳಿ. ಸೌತೆಕಾಯಿ ಕೊಡಮ್ಮ."

"ಮರ ವಾಪಸ್ ಬಂದ್ರೆ ನಾನು ತವರಿಗೆ ಅಂದಿದೀನಿ," ಅಂತ ಸುಲೋಚನಮ್ಮ ನನ್ನ ಕಿವಿಯಲ್ಲಿ ಹೇಳಿದರು. "ಆದ್ರೆ ಸತ್ಯವಾಗ್ಲೂ ಹೇಳ್ತೀನಿ ಕಣೇ, ಅದ್ಕೂ ಮುಂಚೇನೇ ಅವ್ರು ಚಪ್ಪಲಿ ಹುಡುಕ್ತಿದ್ರು."

"ಬಂದ್ರಾ?" ಅಂದಳು ಅಮ್ಮ, ಅಷ್ಟೇ. ಬೀದಿಯ ಉದ್ದಕ್ಕೂ ಬೇರುಗಳು ಒಂದರ ಹಿಂದೆ ಒಂದು ಧಸ್ ಧಸ್ ಅಂತ ಕೆಳಗಿಳಿದವು. ಗಾಡಿಯ ಚಕ್ರ ನೆಟ್ಟಗಾಯಿತು.

ಸಂಜೆ ಮೇಡಂ "ನಾಡಿದ್ದು ಅನ್ರಪ್ಪ, ನಾಡಿದ್ದು!" ಅಂತ ಕೂಗುತ್ತಾ ಹೋದರು, ಅಧ್ಯಕ್ಷರೂ ವಿಧೇಯವಾಗಿ ನಾಡಿದ್ದು ಅಂದರು. ಎಲ್ಲರೂ ಹೊರಟ ಮೇಲೆ ನಾನು ಕ್ಯಾನು ಹಿಡಿದು ಹೊಂಗೆ ಸಸಿಯ ಮುಂದೆ ನಿಂತೆ. ಬೀದಿಯಲ್ಲೆಲ್ಲ ಯಾರದೂ ಅಲ್ಲದೆ ನಿಂತಿದ್ದದ್ದು ಅದೊಂದೇ. ನೀರು ಹಾಕಿದೆ. ಫೈಟಿಂಗಿಗೆ ಕಾಯುತ್ತಾ ಅದು ಎಲೆ ಎತ್ತಿತು. ನಾನು ಗಂಟಲು ಸರಿಮಾಡಿಕೊಂಡೆ. ಹೀರೋ ಬಂದ, ಪಕ್ಕಕ್ಕೆ ಸರಿಸಿದೆ. ವಿಲನ್ನು, ಜಡ್ಜು, ಅಧ್ಯಕ್ಷರು ಎಲ್ಲರನ್ನೂ ಕಳಿಸಿದೆ. ಎಲ್ಲರೂ ಹೋದ ಮೇಲೆ ಒಳಗಿಂದ ಒಂದು ಸಣ್ಣ ಧ್ವನಿ ಬಂತು, ಮಳೆಯಲ್ಲಿ ನೆನೆದ ಪಟಾಕಿಯ ಹಾಗೆ, ಅರ್ಧ ಗಾಳಿ, ಅರ್ಧ ನಡುಕ. ನನಗೇ ಗುರುತಾಗಲಿಲ್ಲ.

"ನಾಳೆ ಬರ್ತೀನಿ," ಅಂದೆ.

ಮುಂದೆ ಗಾಡಿ ತಳ್ಳುತ್ತಿದ್ದ ಅಮ್ಮ ತಿರುಗಿ ನೋಡಲಿಲ್ಲ. ಆದರೆ ಗಾಡಿ ಒಂದು ಕ್ಷಣ ನಿಂತು ಆಮೇಲೆ ಚಲಿಸಿತು.

ಮನೆಗೆ ಹೋಗಿ ಮಲಗಿದೆ. ಮಾರನೆಯ ದಿನ ಸೋಮವಾರ, ರಜೆ. ಬಿಸಿಲು ಕಿಟಕಿ ಹತ್ತುವವರೆಗೆ ನಿದ್ದೆ ಮಾಡಿ, ಆಕಳಿಸುತ್ತಾ ಹಲ್ಲುಪುಡಿ ಬಾಯಿಗೆ ಹಾಕಿಕೊಂಡಾಗ ಹೊಳೆಯಿತು: ನಾಡಿದ್ದು ಅನ್ನಬೇಕಾಗಿತ್ತು! ನಾಳೆ ಅಂದುಬಿಟ್ಟಿದ್ದೆ. ಬಾಯ ತುಂಬ ನೊರೆ ಇಟ್ಟುಕೊಂಡೇ ಓಡಿದೆ. ಸಂತೆ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ, ಖಾಲಿ ನೆರಳು ಮಾತ್ರ ಉದ್ದಕ್ಕೂ ಹಾಸಿತ್ತು. ಹೊಂಗೆ ಸಸಿ ಒಂದು ಬೇರನ್ನು ಆಗಲೇ ಗುಂಡಿಯಿಂದ ಹೊರಗೆ ಇಟ್ಟು, ನಮ್ಮನೆಯ ಕಡೆ ಮುಖ ಮಾಡಿತ್ತು. ನೇರವಾಗಿ ನಮ್ಮನೆಯ ಕಡೆಗೇ, ಬೇರೆ ಯಾರ ಮನೆಗೂ ಅಲ್ಲ.

"ಬಂದೆ ಕಣೋ, ಬಂದೆ," ಅಂದೆ ನೊರೆ ಉಗಿದು. ಅದು ಯಾವ ಪಿಕ್ಚರಿನ ಡೈಲಾಗೂ ಅಲ್ಲ.